ಪಾಳಿಗೆ ಬಾರದ ಸಂಜೆ

ಬೀರಪ್ಪ, ಆ ಸಂಜೆ ನನಗೆ ನಿದ್ದೆ ಹತ್ತಿರಲಿಲ್ಲ. ಶೆಡ್ಡಿನ ಎದುರಿನ ಚಹಾದಂಗಡಿಯಲ್ಲಿ, ಒಳಗಿನ ಬೆಂಚಿನ ಮೇಲೆ ಕೂತಿದ್ದೆ. ನೀನು ಮತ್ತೆ ಮತ್ತೆ ಬಾಗಿಲಿಗೆ ಬಂದು ನನ್ನ ದಾರಿ ನೋಡುವುದನ್ನು ನೋಡುತ್ತ ಕೂತಿದ್ದೆ. ಸಾವಳಗಿಯಲ್ಲಿ ನಿನ್ನ ಅಪ್ಪ ಸಾಯುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೂತಿದ್ದೆ.

ನಿನಗೆ ಹೇಳಬೇಕಾಗಿಲ್ಲ, ಆದರೆ ಇದನ್ನು ಬೇರೆಯವರೂ ಓದುತ್ತಾರೆ — ಓದಲಿ ಎಂದೇ ಬರೆಯುತ್ತಿದ್ದೇನೆ. ಬನಹಟ್ಟಿಯ ನಮ್ಮ ಪಾವರ್‌ಲೂಮ್ ಶೆಡ್ಡಿನಲ್ಲಿ ನಾಲ್ಕು ಮಗ್ಗಕ್ಕೆ ಇಬ್ಬರು ಆಳು. ಒಬ್ಬನದು ಹಗಲು ಪಾಳಿ, ಇನ್ನೊಬ್ಬನದು ರಾತ್ರಿ ಪಾಳಿ, ಹನ್ನೆರಡು ಹನ್ನೆರಡು ತಾಸು. ಇಬ್ಬರೂ ಒಬ್ಬರಿಗೊಬ್ಬರು ಜೋಡಿ. ಜೋಡಿ ಬಂದು ಮಗ್ಗಕ್ಕೆ ಕೈ ಹಚ್ಚುವ ತನಕ ನಿಂತವನು ಹೊರಗೆ ಹೋಗುವಂತಿಲ್ಲ. ಮಗ್ಗ ನಿಲ್ಲಿಸಿ ಹೋದವನಿಗೆ ಮರುದಿನ ಆ ಬಾಗಿಲೂ ಇಲ್ಲ, ಊರಿನಲ್ಲಿ ಬೇರೆ ಬಾಗಿಲೂ ಇಲ್ಲ. ರಜೆ ಕೇಳಿದರೆ ಸಾವ್ಕಾರನದು ಒಂದೇ ಮಾತು, "ನನ್ನ ಯಾಕ ಕೇಳ್ತಿ? ನಿನ್ನ ಜೋಡೀನ ಕೇಳು." ಕರೆಂಟು ಹೋದ ದಿನವೇ ನಮಗೆ ವಾರದ ರಜೆ. ಕರೆಂಟಿನವರಿಗಿದ್ದಷ್ಟು ಕರುಣೆಯೂ ಅವನಿಗೆ ಇರಲಿಲ್ಲ.

ನನ್ನ ಅವ್ವ ಹೋದ ದಿನ ನನ್ನದು ರಾತ್ರಿ ಪಾಳಿ. ಬೆಳಗಾಗುವ ಹೊತ್ತಿಗೆ ನೆರೆಮನೆಯ ಶಾಂತವ್ವ ಓಡಿ ಬಂದು, "ಮಲ್ಲಪ್ಪ, ಅವ್ವಗ ಮ್ಯಾಲುಸಿರು ಹತ್ತೇತಿ, ಲಗೂ ಬಾ" ಅಂದಳು. ನೀನು ಬರುವ ಹೊತ್ತು ಅದು. ಬರಲಿಲ್ಲ. ಬಿಸಿಲು ಶೆಡ್ಡಿನೊಳಗೆ ಬಂತು, ನೀನು ಬರಲಿಲ್ಲ. ಕಡಿದ ಎಳೆಗೆ ಗಂಟು ಹಾಕಲು ಹೋದರೆ ಕಣ್ಣೀರಿಗೆ ಎಳೆಯೇ ಕಾಣುತ್ತಿರಲಿಲ್ಲ. ಕಡೆಗೆ ನೀನು ಮುಖ ಉಜ್ಜಿಕೊಳ್ಳುತ್ತ ಬಂದೆ — "ನಿದ್ದಿ ಹತ್ತಿತ್ತೋ ಮಲ್ಲಪ್ಪ." ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವನ ಬಾಯಿಗೆ ಶಾಂತವ್ವನೇ ನೀರು ಬಿಟ್ಟಿದ್ದಳು. ಒಬ್ಬನೇ ಮಗ ನಾನು. ಎರಡು ಓಣಿ ಆಚೆ ಸಾವ್ಕಾರನ ಸೀರೆ ನೇಯುತ್ತ ನಿಂತಿದ್ದೆ.

ಜ್ವರ ಬಂದಿತ್ತು ಅಂದಿದ್ದರೆ, ಬಿದ್ದು ಕಾಲು ಮುರಿದಿತ್ತು ಅಂದಿದ್ದರೆ — ಆದರೆ ನಿದ್ದೆ. ಹಿಂದಿನ ದಿನ ಪಾಳಿ ಮುಗಿದ ಮೇಲೆ ಸಾವ್ಕಾರ ನಿನ್ನನ್ನು ತನ್ನ ಇನ್ನೊಂದು ಶೆಡ್ಡಿನಲ್ಲೂ ನಿಲ್ಲಿಸಿಕೊಂಡಿದ್ದ. ಅದೂ ನನಗೆ ಗೊತ್ತಿತ್ತು. ಆದರೂ ಸಿಟ್ಟು ಅವನ ಮೇಲೆ ಹೋಗಲಿಲ್ಲ. ಅವನು ದೊಡ್ಡವನು, ಕೈಗೆ ಸಿಗುವವನಲ್ಲ. ನೀನು ಬೆಳಿಗ್ಗೆ ಸಂಜೆ ಕೈಗೆ ಸಿಗುತ್ತಿದ್ದೆ.

ಕಾದೆ. ವರ್ಷಗಟ್ಟಲೆ ಕಾದೆ. ನಿನ್ನ ಮಗಳ ಮದುವೆಯಲ್ಲಿ ಬಡಿಸಿದೆ. ನಿಮ್ಮ ಬೀರೇಶ್ವರನ ಭಂಡಾರ ಹಣೆಗೆ ಹಚ್ಚಿಕೊಂಡೆ. ನಿನ್ನ ಎಲೆಯಡಿಕೆ ಚೀಲಕ್ಕೆ ಕೇಳದೆ ಕೈ ಹಾಕಿದೆ. ಒಳಗೆ ಮಾತ್ರ — ನಿನಗೂ ಒಂದು ದಿನ ಬರಲಿ, ನೀನೂ ಆ ಬಾಗಿಲಲ್ಲಿ ನಿಲ್ಲು, ಅನ್ನುತ್ತಲೇ ಇದ್ದೆ.

ಬಂತು. ಆ ವಾರ ನಿನ್ನದು ಹಗಲು ಪಾಳಿ. ಸಂಜೆ ನಿನ್ನನ್ನು ಬಿಡಿಸಲು ಬಂದವನು ಚಹಾಕ್ಕೆ ನಿಂತೆ. ಅಂಗಡಿಯವ ಅಂದ, "ಸಾವಳಗಿಯಿಂದ ಫೋನ್ ಬಂದಿತ್ತು. ಬೀರಪ್ಪನ ಅಪ್ಪಗ ಭಾಳ ಆಗೇತಂತ. ಅವಗ ಹೇಳಿ ಬಂದೇನಿ, ನಿನ್ನ ಹಾದಿನ ನೋಡಾಕತ್ತಾನ." ನಾನು ಹೂಂ ಅಂದೆ. ಇನ್ನೊಂದು ಚಹಾ ಹೇಳಿ ಒಳಗಿನ ಬೆಂಚಿಗೆ ಹೋದೆ. ಅಂಗಡಿಯವ ನನ್ನ ಮುಖ ನೋಡಿ ಚಹಾ ಸೋಸಿದ. ನೀನು ಹತ್ತಬೇಕಿದ್ದ ಜಮಖಂಡಿಯ ಬಸ್ಸು ಎದುರಿಗೇ ಹೋಯಿತು. ಅದರ ಹಿಂದಿನದೂ ಹೋಯಿತು. ನೀನು ಬಾಗಿಲಿಗೆ ಬಂದೆ, ಒಳಗೆ ಎಳೆ ಕಡಿದಿರಬೇಕು, ಓಡಿದೆ, ಮತ್ತೆ ಬಂದೆ. ಆಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಅವ್ವ ಹೋದ ಮೇಲೆ ಮೊದಲ ಸಲ ನನ್ನ ಹೊಟ್ಟೆ ತಣ್ಣಗಾಗಿತ್ತು.

ಕೊನೆಯ ಬಸ್ಸೂ ಹೋದ ಮೇಲೆ ಎದ್ದೆ. ನಿನ್ನ ಮಾತನ್ನೇ ನಿನ್ನ ಮುಖಕ್ಕೆ ಎಸೆಯಬೇಕೆಂದು ಇಟ್ಟುಕೊಂಡಿದ್ದೆ. ಎಸೆದೆ, "ನಿದ್ದಿ ಹತ್ತಿತ್ತೋ ಬೀರಪ್ಪ." ನೀನು ಚಪ್ಪಲಿ ಮೆಟ್ಟುತ್ತ, "ಹತ್ತತೈತಿ ಬಿಡು, ನೀನೂ ಮನಶ್ಯಾ ಅಲ್ಲೇನು" ಅಂದು ಓಡಿದೆ. ಕಬ್ಬಿನ ಲಾರಿ ಹತ್ತಿ ಹೋದೆಯಂತೆ. ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ. ಸೇಡು ತೀರಿತ್ತು, ಆದರೆ ಅದು ಸೇಡು ಎಂದು ನಿನಗೆ ತಿಳಿಯಲೇ ಇಲ್ಲ. ಅದಕ್ಕೂ ನಿನ್ನ ಮೇಲೆ ಸಿಟ್ಟು ಬಂತು.

ಮುಂದೆ ನೇಕಾರರೆಲ್ಲ ವಾರದ ರಜೆಗಾಗಿ, ತಾಸು ಕಡಿಮೆ ಮಾಡಿರೆಂದು ಎದ್ದರು. ಕಾರ್ಮಿಕ ಇಲಾಖೆಯ ಸಾಹೇಬರು ಎರಡೂ ಕಡೆಯವರನ್ನು ಕೂಡಿಸಿದರು. "ರಜಾ ಕೊಟ್ರ ಕುಡದು ಬೀಳ್ತಾರ್ರಿ ಇವ್ರು" ಅಂದ ಸಾವ್ಕಾರ. ಎಲ್ಲರೂ ಗದ್ದಲ ಮಾಡುವಾಗ ನೀನು ಮೆಲ್ಲಗೆ ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟೆ.

"ಸಾಹೇಬ್ರ, ನನಗ ನಿದ್ದಿ ಹತ್ತಿತಂತ ಇವಗ ಅವರವ್ವನ ಬಾಯಾಗ ನೀರು ಬಿಡಾಕ ಆಗ್ಲಿಲ್ರಿ. ಇವಗ ನಿದ್ದಿ ಹತ್ತಿತಂತ ನನಗ ನಮ್ಮಪ್ಪ ಸಿಗ್ಲಿಲ್ರಿ. ನಮ್ಮಿಬ್ಬರಿಗೂ ಒಬ್ಬರ ಮ್ಯಾಲ ಒಬ್ಬರಿಗೆ ಸಿಟ್ಟಿಲ್ಲ. ಮನಶ್ಯಾ ಎಷ್ಟು ತಾಸು ನಿಲ್ಲಬೇಕ್ರಿ? ಅದನ್ನಷ್ಟ ಹೇಳ್ರಿ."

ಸಾಹೇಬರು ಅದನ್ನು ಬರೆದುಕೊಂಡು ಸಾವ್ಕಾರನ ಕಡೆ ತಿರುಗಿದರು. ಸಾವ್ಕಾರನೂ ತಲೆ ತಗ್ಗಿಸಿದ. ಆ ವಾರದಿಂದಲೇ ನಮಗೆ ಒಂದು ದಿನ ರಜೆ ಬಂತು, ಅಡಚಣೆ ಬಿದ್ದಾಗ ನಿಲ್ಲಲು ಶೆಡ್ಡಿಗೊಬ್ಬ ಬದಲಿ ಆಳು ಬಂದ. ನಾನು ನೆಲ ನೋಡುತ್ತ ಕೂತಿದ್ದೆ. ಪಾಪ, ಅವ್ವನ ನೆನಪಾಗಿದೆ ಎಂದರು ಜನ.

ಇಷ್ಟು ದಿನ ಹೇಳದಿರುವುದಕ್ಕೆ ನನ್ನ ಬಳಿ ಒಳ್ಳೆಯ ನೆಪವಿತ್ತು. ನನ್ನ ನಿದ್ದೆ ಸುಳ್ಳೆಂದು ಸಾವ್ಕಾರನ ಕಿವಿಗೆ ಬಿದ್ದರೆ ಎಲ್ಲರ ರಜೆ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ಈಗ ಆ ಶೆಡ್ಡು ಮುಚ್ಚಿದೆ, ಮಗ್ಗಗಳು ಗುಜರಿಗೆ ಹೋಗಿವೆ. ನೆಪ ತೆಗೆದರೆ ಉಳಿಯುವುದು ಇಷ್ಟೇ — ಸಿಟ್ಟಿಲ್ಲ ಎಂದು ಎಲ್ಲರೆದುರು ನನ್ನ ಪರವಾಗಿಯೂ ನೀನೇ ಹೇಳಿದೆ, ಆ ಒಳ್ಳೆಯವನಾಗಿ ಉಳಿಯುವುದು ನನಗೆ ಹಿತವಾಗಿತ್ತು. ರಜೆಯ ದಿನಗಳಲ್ಲಿ ನಿನ್ನ ಮನೆಯಲ್ಲೇ ಎಷ್ಟು ಸಲ ಉಂಡೆನೋ.

ಇದು ಅಚ್ಚಾಗಿ ನಿನ್ನ ಕೈಗೆ ಬರುವ ಮೊದಲು ನಾನೇ ಬರುತ್ತೇನೆ. ಬಾ, ಕುಂಡ್ರು ಅನ್ನುತ್ತೀ. ಕೂರುವುದಿಲ್ಲ, ನಿಂತೇ ಹೇಳುತ್ತೇನೆ. ಕೇಳಿದ ಮೇಲೆ ನೀನು ಎಂದಿನಂತೆ ಬಿಡು ಅನ್ನಬೇಡ. ಈ ಸಲ ಸಿಟ್ಟು ಮಾಡು, ಬೀರಪ್ಪ. ನಿನ್ನ ಅಪ್ಪನ ಸಲುವಾಗಿಯಾದರೂ ಮಾಡು.