ಹರಳೆಣ್ಣೆಗೆ ಬಿದ್ದ ಗುಂಡು

ಹರಳೆಣ್ಣೆ ಎಂದರೆ ಜನ ಮುಖ ಕಿವುಚುತ್ತಾರೆ. ನನಗೆ ಕಿಸಕ್ಕನೆ ನಗು ಬರುತ್ತದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಇದು ಡೀಸೆಂಟ್ ಅಲ್ಲ, ಗೊತ್ತು. ಏನು ಮಾಡಲಿ, ನನ್ನ ಬಿ.ಎಸ್ಸಿ. ನಿಂತಿದ್ದೇ ಆ ಎಣ್ಣೆಯ ಮೇಲೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಲಹಂಕದಿಂದ ರೈಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಫೇಲಾದರೆ ಓದು ಬಂದ್ ಎಂದು ಅಪ್ಪ ಹೇಳಿಯಾಗಿತ್ತು. ನನಗೋ ಎಂ.ಎಸ್ಸಿ. ಹುಚ್ಚು. ಪರೀಕ್ಷೆಯ ಹಿಂದಿನ ದಿನ ಪ್ರಯೋಗದ ಅಭ್ಯಾಸಕ್ಕೆಂದು ಅಜ್ಜಿಯ ಹರಳೆಣ್ಣೆಯನ್ನು ಉದ್ದನೆಯ ಗಾಜಿನ ಜಾಡಿಗೆ ಸುರಿದು, ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಅದರೊಳಗೆ ಬಿಡತೊಡಗಿದೆ. “ಎಣ್ಣೆ ನಂದು, ಜಾಡೀನೂ ನಾನೇ ಹಿಡ್ಕೋತೀನಿ” ಎಂದು ಅಜ್ಜಿ ಜಾಡಿಯನ್ನು ಅಂಗೈ ಮೇಲೆ ಇಟ್ಟುಕೊಂಡಳು.

ಗುಂಡು ಗಡಿಬಿಡಿಯಲ್ಲಿ ಬಿದ್ದು, ಎಣ್ಣೆ ಸೋಕಿದ್ದೇ ಹೊಸ ಸೊಸೆಯಂತೆ ಒಂದೇ ನಡಿಗೆಯಲ್ಲಿ ಇಳಿಯಿತು.

“ಭೂಮಿ ಎಳೀತಾನೇ ಇದೆ ಅಂತೀಯ, ಇದರ ರಭಸ ಏರ್ತಾನೇ ಇಲ್ವಲ್ಲೇ. ಎಲ್ಲಿ ಹೋಯ್ತು ಅದು?” ಎಂದಳು ಅಜ್ಜಿ.

ಆ ರಭಸಕ್ಕೆ ಮೊಮೆಂಟಮ್ ಅಂತಾರೆ, ಅದು ಕಳೆದುಹೋಗುವ ಸರಕಲ್ಲ ಎಂದೆ. ಗುಂಡು ಪಕ್ಕದ ಎಣ್ಣೆಗೆ ಕೊಡುತ್ತದೆ, ಆ ಪದರ ತನ್ನ ಪಕ್ಕದ್ದಕ್ಕೆ. ಗಾಜಿಗೆ ಅಂಟಿದ ಪದರ ಮಾತ್ರ ಅಲ್ಲಾಡುವುದಿಲ್ಲ.

“ನಮ್ಮನೆ ಸುದ್ದಿ ಥರ. ನಾನು ನಿಮ್ಮಮ್ಮಂಗೆ ಹೇಳ್ತೀನಿ, ಅವಳು ನಿಮ್ಮತ್ತೆಗೆ. ಜಗಲೀಲಿರೋ ನಿಮ್ಮ ತಾತ ಮಾತ್ರ ಅಲ್ಲಾಡಲ್ಲ.”

“ಕೇಳಿಸ್ತು” ಎಂದರು ತಾತ, ಅಲ್ಲಾಡದೆ.

“ಗಾಜಿಂದ ಎಲ್ಲಿಗೆ?”

“ನಿನ್ನ ಕೈಗೆ, ಅಜ್ಜಿ.”

“ಮೊದ್ಲೇ ಹೇಳ್ಬಾರ್ದಾ? ಆಗ್ಲಿಂದ ಕೈ ನೋಯ್ತಾ ಇದೆ.”

ನಕ್ಕೂ ನಕ್ಕೂ ಜಾಡಿ ಉರುಳುವುದೊಂದು ಬಾಕಿ.

ಮರುದಿನ ವೈವಾದಲ್ಲಿ ಗಂಟುಮೋರೆಯ ಎಕ್ಸಾಮಿನರ್ ಕೇಳಿದ್ದೂ ಅದನ್ನೇ: ಭೂಮಿ ಕೊಡುತ್ತಿರುವ ಮೊಮೆಂಟಮ್ ಎಲ್ಲಿಗೆ ಹೋಗುತ್ತಿದೆ? ಬಾಯಿಪಾಠ ಮಾಡಿದ ಇಂಗ್ಲಿಷೆಲ್ಲ ಮಾಯ. “ಎಣ್ಣೆಗೆ ಸರ್, ಪದರದಿಂದ ಪದರಕ್ಕೆ, ಆಮೇಲೆ ಗಾಜಿಗೆ, ಆಮೇಲೆ ನಮ್ಮಜ್ಜಿ ಕೈಗೆ.”

ನನ್ನ ಎಂ.ಎಸ್ಸಿ. ಮುಳುಗಿತು ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. “ಅಜ್ಜಿಯಿಂದ ಎಲ್ಲಿಗಮ್ಮಾ?”

“ಮನೆಮಂದಿಗೆಲ್ಲ, ಸರ್.”

ಗಂಟುಮೋರೆ ಬಿಚ್ಚಿತು. ಪಾಸಾದೆ, ಎಂ.ಎಸ್ಸಿ.ಯೂ ಆಯಿತು.

ಈಗ ನನ್ನದೂ ಎಣ್ಣೆಗೆ ಬಿದ್ದ ಗುಂಡಿನ ನಡಿಗೆಯೇ. ಮೊಮ್ಮಗಳು ಮುಂದೆ ಓಡಿ, “ಅಜ್ಜೀ, ಯಾಕಿಷ್ಟು ಸ್ಲೋ?” ಎನ್ನುತ್ತಾಳೆ. ನಾನು ನಗುತ್ತೇನೆ. ಅವಳ ಕಾಲಲ್ಲಿರುವ ರಭಸ ಯಾರಿಂದ ದಾಟಿ ಬಂದದ್ದು ಎಂದುಕೊಂಡಿದ್ದಾಳೋ, ಪಾಪ.