ಬೇರೆಯವರ ಹೆಸರಿನ ಪೆಟ್ಟಿಗೆಗಳು

ಅಚ್ಚುಕೂಟದಲ್ಲಿ ಹತ್ತೊಂಬತ್ತು ವರ್ಷ ಕರಡು ತಿದ್ದಿದ ಅವಳನ್ನು ಎಲ್ಲರೂ ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆತ್ತಮ್ಮನೂ ಹಾಗೇ ಕರೆಯುತ್ತಿದ್ದಳು. ಅಚ್ಚುಕೂಟ ಬಾಗಿಲು ಹಾಕಿದ ತಿಂಗಳಲ್ಲೇ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಇನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿರುವ ಹಾಗಿಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸಕ್ಕಾಗಿ ಪ್ರೂಫಕ್ಕ ಫೋನಿನಲ್ಲಿ ಹುಡುಕತೊಡಗಿದಳು.

ಮೊದಲು ಸಿಕ್ಕಿದವರು ನೋಂದಣಿಗೆಂದು ದುಡ್ಡು ಕೇಳಿದರು. "ಕೆಲಸ ಕೊಡೋರು ಸಂಬಳ ಕೊಡ್ತಾರೆ, ನಮ್ಮ ಹತ್ರ ಕೈ ಚಾಚಲ್ಲ" ಎಂದು ಅವರಿಗೇ ಪಾಠ ಹೇಳಿ ಫೋನಿಟ್ಟಳು. ಆ ಜಂಬವೇ ಮುಳುವಾಯಿತು. ಎರಡನೆಯವರು ಬಿಡಿಗಾಸೂ ಕೇಳಲಿಲ್ಲ. ಹಾಗಾಗಿ ಸಾಚಾ ಜನ ಎಂದುಕೊಂಡಳು.

ಕೆಲಸವೂ ಸುಲಭದ್ದೇ. ಮನೆಗೆ ಬರುವ ಪಾರ್ಸೆಲ್ ಬಿಚ್ಚಿ, ಸಾಮಾನು ಸರಿಯಿದೆಯೆಂದು ನೋಡಿ, ಫೋಟೋ ತೆಗೆದು, ಅವರು ಹೇಳಿದ ಹೊಸ ವಿಳಾಸ ಅಂಟಿಸಿ ಮತ್ತೆ ಕಳಿಸಬೇಕು. ಸಂದರ್ಶನ ಬರೀ ಮೆಸೇಜಿನಲ್ಲೇ ಮುಗಿಯಿತು. ಮ್ಯಾನೇಜರ್ ಎಂಬುವನ ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ. ಗುರುತಿನ ಚೀಟಿಯ ಫೋಟೋ ಕೇಳಿದ, ಕಳಿಸಿದಳು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದ. ಅಮ್ಮನ ಸೊಂಟದ ಕಥೆಯನ್ನೂ ಹೇಳಿಕೊಂಡಳು.

ಮೂರು ಪಾರ್ಸೆಲ್ ಹೋದವು. ನಾಲ್ಕನೆಯದನ್ನು ಕೈಗಿಡುವಾಗ ಕೊರಿಯರ್‌ನವನು ಕೇಳಿದ: "ಅಕ್ಕಾ, ನಿಮ್ಮನೇಲಿ ಎಷ್ಟು ಜನ ಇದ್ದೀರಿ?"

"ಇಬ್ರೇ. ಯಾಕಪ್ಪ?"

"ಏನಿಲ್ಲ, ಒಂದೊಂದು ಸಲ ಒಂದೊಂದು ಹೆಸರು ಬರುತ್ತಲ್ಲ, ಅದಕ್ಕೆ."

ಒಂದು ಒತ್ತಕ್ಷರ ತಪ್ಪಿದರೂ ಹಿಡಿಯುತ್ತಿದ್ದವಳು ಪೆಟ್ಟಿಗೆಯ ಮೇಲೆ ತನ್ನ ವಿಳಾಸವಷ್ಟೇ ನೋಡಿ ಸುಮ್ಮನಾಗಿದ್ದಳು. ಈಗ ಹೆಸರು ಓದಿದಳು. ಯಾರೋ ಗೊತ್ತಿಲ್ಲದ ಗಂಡಸಿನದು. ಹಿಂದಿನ ಪೆಟ್ಟಿಗೆಗಳ ಫೋಟೋ ಹುಡುಕಿ ನೋಡಿದರೆ ಅಲ್ಲೂ ಮೂರು ಬೇರೆ ಬೇರೆ ಹೆಸರು.

ಇವರೆಲ್ಲ ಯಾರು ಎಂದು ಮ್ಯಾನೇಜರ್‌ಗೆ ಮೆಸೇಜ್ ಹಾಕಿದಳು. ತಕ್ಷಣ ಉತ್ತರ ಬಂತು: "ಪ್ರಶ್ನೆ ಬೇಡ. ಸಂಜೆಯೊಳಗೆ ಕಳಿಸಿ. ನಿಮ್ಮ ಚೀಟಿ ನಮ್ಮಲ್ಲಿದೆ. ಅಮ್ಮ ಎದ್ದು ಓಡಾಡೋ ಹಾಗಿಲ್ಲ ಅನ್ನೋದೂ ಗೊತ್ತಿದೆ."

ಚಿಲಕ ಹಾಕಿದಳು, ಒಂದೊಂದೇ ಕಿಟಕಿ ಮುಚ್ಚಿದಳು.

"ಯಾಕೆ ಮುಚ್ತೀಯಾ? ನಾನೇನು ಹಾರಿ ಹೋಗ್ತೀನಾ?" ಎಂದಳು ಅಮ್ಮ ಮಂಚದಿಂದ.

ಬಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿ, "ಇದೊಂದನ್ನ ಕಳಿಸಿ ಕೈ ತೊಳ್ಕೊಂಡುಬಿಡ್ತೀನಮ್ಮ" ಎಂದಳು.

ಅಮ್ಮ ಮೊಣಕೈ ಊರಿ ತಲೆ ಎತ್ತಿದಳು. "ಮೂರು ಸಲ ಗೊತ್ತಿಲ್ದೆ ಆಯ್ತು. ನಾಲ್ಕನೇದು ಗೊತ್ತಿದ್ದೂ ಮಾಡ್ತೀಯಾ? ಪೊಲೀಸ್ ಸ್ಟೇಷನ್‌ಗೆ ಹೋಗು."

"ನಿನ್ನೊಬ್ಬಳನ್ನೇ ಬಿಟ್ಟು?"

"ಹೊರಗಿಂದ ಬೀಗ ಹಾಕು. ಆ ಊರುಗೋಲು ಇಲ್ಲಿ ಕೊಡು. ಬಂದವನ ಸೊಂಟಾನೂ ಮುರೀಲಿ."

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಎದುರು ಸೀಟಿನವನು ಫೋನ್ ಎತ್ತಿದರೂ ತನ್ನನ್ನೇ ನೋಡಿ ಮಾತಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಠಾಣೆಯ ಮೆಟ್ಟಿಲಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದಳು.

ಮೇಜಿನ ಹಿಂದಿದ್ದ ಮಹಿಳಾ ಪೊಲೀಸ್ ಪೆಟ್ಟಿಗೆ ಬಿಚ್ಚಿಸಿದಳು. ಒಳಗೆ ಎರಡು ದುಬಾರಿ ಫೋನು. "ಕದ್ದ ಬ್ಯಾಂಕ್ ಕಾರ್ಡಿನಲ್ಲಿ, ಆ ಕಾರ್ಡಿನವರ ಹೆಸರಲ್ಲೇ ಕೊಂಡಿರ್ತಾರೆ. ತಮ್ಮ ಗುರುತು ಸಿಗದ ಹಾಗೆ ನಿಮ್ಮಂಥವರ ಮನೆಗೆ ತರಿಸ್ತಾರೆ."

"ನನ್ನನ್ನ ಒಳಗೆ ಹಾಕ್ತೀರಾ?"

"ನಾವೇ ನಿಮ್ಮ ಬಾಗಿಲು ತಟ್ಟಿದ್ರೆ ಮಾತು ಬೇರೆ ಇರ್ತಿತ್ತು. ನೀವಾಗೇ ಬಂದಿದ್ದೀರಿ. ಒಂದು ಮೆಸೇಜೂ ಅಳಿಸಬೇಡಿ. ಕರೆದಾಗ ಬರಬೇಕು."

ಮನೆ ಮುಟ್ಟಿದವಳೇ ಬೀಗ ತೆಗೆದಳು. ಒಳಗೆ ಅಮ್ಮ ಊರುಗೋಲು ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಪ್ರೂಫಕ್ಕ ನೆಲದ ಮೇಲೆ ಕೂತು ಅತ್ತಳು.

ಯಾರೂ ಬರಲಿಲ್ಲ. ಆದರೆ ಎರಡು ತಿಂಗಳು, ಬೀದಿಯಲ್ಲಿ ಬೈಕು ನಿಂತಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ಆಮೇಲೆ ಕಿವುಡ ಮಕ್ಕಳಿಗಾಗಿ ಪಾಠದ ವಿಡಿಯೋಗಳ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ಕೂರಿಸುವ ಸಂಸ್ಥೆಯೊಂದರ ಕೆಲಸ ಕಣ್ಣಿಗೆ ಬಿತ್ತು, ಅದೂ ಮನೆಯಲ್ಲೇ ಕೂತು ಮಾಡುವಂಥದ್ದು. ಈ ಸಲ ಅವಳು ಮೆಸೇಜಿಗೆ ಮೆಸೇಜು ಹಾಕಲಿಲ್ಲ. ಆ ವಿಡಿಯೋ ಬಳಸುವ ಶಾಲೆಗೇ ಫೋನ್ ಮಾಡಿ ಅಂಥ ಸಂಸ್ಥೆ ನಿಜಕ್ಕೂ ಇದೆಯೇ ಎಂದು ಕೇಳಿದಳು. ಆ ಸಂಸ್ಥೆಯಲ್ಲಿ ಕೆಲಸ ಮಾಡುವವಳೊಬ್ಬಳ ಜೊತೆ ಮಾತಾಡಿದಳು. ಸಂದರ್ಶನದಲ್ಲಿ ಇಬ್ಬರು ಮುಖ ತೋರಿಸಿ ಒಂದು ಗಂಟೆ ಪರೀಕ್ಷೆ ಮಾಡಿದರು. ಒಪ್ಪಂದದ ಪತ್ರ ಬಂತು.

ಕೊನೆಗೆ ಗುರುತಿನ ಚೀಟಿ ಕೇಳಿದರು. "ನನಗೆ ಎರಡು ದಿನ ಬೇಕು" ಎಂದಳು. "ತಗೊಳ್ಳಿ" ಎಂದರು ಅವರು. ಅವಸರ ಮಾಡದೆ ಹಾಗೆಂದದ್ದಕ್ಕೇ ಸ್ವಲ್ಪ ಧೈರ್ಯ ಬಂತು. ಮೂರನೇ ದಿನ ಕಳಿಸಿ, ಸೋಮವಾರ ಕೆಲಸಕ್ಕೆ ಕೂತಳು.