ಕೊಡೆ ಮಾವನ ಕಥೆ ಓದುತ್ತಿದ್ದ ಅಕ್ಕ

ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸು ನಿಲ್ಲುವ ಕಡೆ ಕಟ್ಟಿದ್ದ ಆ ಫ್ಲೆಕ್ಸ್ ಮಾಡಿಕೊಟ್ಟವನು ನಾನೇ. ಹುಣಸೂರಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಗೃಹಪ್ರವೇಶ, ತಿಥಿ, ಸೊಸೈಟಿ ಎಲೆಕ್ಷನ್ನು, ಎಲ್ಲದಕ್ಕೂ ಮುಖಗಳನ್ನು ಕತ್ತರಿಸಿ ಅಂಟಿಸುವುದು ನನ್ನ ಕಸುಬು. ಆದರೆ ಮಕ್ಕಳ ಚಿತ್ರಕಥೆಯೊಂದನ್ನು ಯಾರು ಬರೆಯಬೇಕು ಎಂಬುದಕ್ಕೂ ಫ್ಲೆಕ್ಸ್ ಕಟ್ಟುತ್ತಾರೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ‘ಕೊಡೆ ಮಾವನನ್ನು ಹಳೆಯ ಲೇಖಕರೇ ಬರೆಯಲಿ’ ಅಂತ ಮೇಲೆ ದೊಡ್ಡಕ್ಷರ. ಕೆಳಗೆ ಸಾಲಾಗಿ ಅಭಿಮಾನಿಗಳು, ಕೂಲಿಂಗ್ ಗ್ಲಾಸ್ ಹಾಕಿದವರು, ಫೋನು ಕಿವಿಗಿಟ್ಟುಕೊಂಡವರು, ಸುಮ್ಮನೆ ಕೈ ಮುಗಿದವರು. ಆ ಹಳೆಯ ಲೇಖಕರ ಫೋಟೊ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಅವರ ಜಾಗದಲ್ಲಿ ನಾನೊಂದು ಕೊಡೆಯ ಚಿತ್ರ ಹಾಕಿ ಕೈ ತೊಳೆದುಕೊಂಡೆ.

ಕೊಡೆ ಮಾವ ಅಂದರೆ ನಾವು ಚಿಕ್ಕವರಿದ್ದಾಗ ಮೈಸೂರಿನಿಂದ ಬರುತ್ತಿದ್ದ ಮಕ್ಕಳ ಮಾಸಪತ್ರಿಕೆಯೊಂದರ ಚಿತ್ರಕಥೆಯ ನಾಯಕ. ಊರೂರು ಸುತ್ತಿ ಹರಿದ ಕೊಡೆ ಹೊಲಿಯುವವನು. ಕೊಡೆ ರಿಪೇರಿ ಮಾಡುತ್ತಾ ಕೂತಲ್ಲೇ ಊರಿನವರ ಜಗಳ, ಕಳ್ಳತನ, ಅಳು ಎಲ್ಲವನ್ನೂ ಬಗೆಹರಿಸಿ ಹೋಗುತ್ತಿದ್ದ. ಪತ್ರಿಕೆ ನಿಂತು ಎಷ್ಟೋ ಕಾಲವಾದ ಮೇಲೆ, ಈಗ ಬೆಂಗಳೂರಿನ ಪ್ರಕಾಶಕರೊಬ್ಬರು ಕೊಡೆ ಮಾವನನ್ನು ಮತ್ತೆ ತರುತ್ತೇವೆ, ಹೊಸ ಹುಡುಗಿಯೊಬ್ಬಳು ಬರೆಯುತ್ತಾಳೆ ಅಂತ ಫೇಸ್‌ಬುಕ್ಕಿನಲ್ಲಿ ಹಾಕಿದರು. ಅಷ್ಟಕ್ಕೇ ಶುರುವಾಯಿತು.

ಶುರು ಮಾಡಿದವನು ಹಂಪಾಪುರದ ಭಾವ. ನಮ್ಮ ದೊಡ್ಡಪ್ಪನ ಮಗಳ ಗಂಡ. ಡೇರಿ ಸೊಸೈಟಿಯ ಎಲೆಕ್ಷನ್ನು ಗೆದ್ದು, ಸೋತು, ಮತ್ತೆ ಗೆದ್ದ ಮನುಷ್ಯ. ಅವನ ಪ್ರಕಾರ ಈ ಲೋಕದಲ್ಲಿ ಕ್ಯಾನ್ವಾಸಿಗೆ ಬಗ್ಗದ ವಿಷಯವೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ತಾಲ್ಲೂಕಿಗೂ ಒಂದೊಂದು ವಾಟ್ಸಾಪ್ ಗುಂಪು ಮಾಡಿದ. ಯಾರು ನಮ್ಮ ಕಡೆ, ಯಾರು ಆ ಹುಡುಗಿಯ ಕಡೆ ಅಂತ ಲೆಕ್ಕ ಹಾಕಿಸಿದ. ಪಿರಿಯಾಪಟ್ಟಣದ ಕೆಲವರು ಆ ಹುಡುಗಿಯೇ ಬರೆಯಲಿ ಅಂದದ್ದಕ್ಕೆ ಅವರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿನ್ನಿಸಿ ಈ ಕಡೆಗೆ ತಿರುಗಿಸಿಕೊಂಡು ಬಂದ. ಆ ಹುಡುಗಿಯ ಕಥೆಗಳನ್ನು ನಾನು ಓದಿದ್ದೆ. ಚೆನ್ನಾಗಿಯೇ ಬರೆಯುತ್ತಿದ್ದಳು. ಹಾಗಂತ ಹೇಳಲು ಹೋಗಿ ಒಂದು ವಾರ ಎಲ್ಲರಿಂದ ಉಗಿಸಿಕೊಂಡೆ.

‘ಚೆನ್ನಾಗಿ ಬರೆದ್ರೆ ಆಯ್ತಾ ಬಾಮೈದ? ಮುಳುಗಡೆ ಕಥೆ ಬರೆದ ಕೈ ಅದು! ಆ ಕೈ ಇರೋವಾಗ ಬ್ಯಾರೆಯವ್ರಿಗೆ ಎಂಗ್ಲಾ ಕೊಟ್ಟಾರು?’ ಅಂದ ಭಾವ.

ಎಲ್ಲರೂ ಹಿಡಿದು ಕೂತಿದ್ದು ಅದೊಂದೇ ಕಥೆಯನ್ನು. ಅಣೆಕಟ್ಟೆ ಕಟ್ಟಿ ಊರು ಮುಳುಗುವ ಹೊತ್ತು. ಎಲ್ಲರೂ ಲಾರಿ ಹತ್ತಿದರೂ ಒಬ್ಬ ಮುದುಕಿ ಮಾತ್ರ ಮನೆ ಬಿಡುವುದಿಲ್ಲ. ಮುನಿಸಿಕೊಂಡು ಹೋದ ಮಗಳಿಗೆ ಗೊತ್ತಿರುವುದು ಈ ಮನೆಯೊಂದೇ, ನಾಳೆ ಬಂದರೆ ಎಲ್ಲಿ ಅಂತ ಹುಡುಕುತ್ತಾಳೆ ಅನ್ನುತ್ತಾಳೆ. ಕೊಡೆ ಮಾವ ಅವಳ ಹರಿದ ಕೊಡೆಯನ್ನು ಹೊಲಿದು, ಹಿತ್ತಲ ಹುಣಸೆಮರದ ತುದಿಗೆ ಬಿಚ್ಚಿ ಕಟ್ಟುತ್ತಾನೆ. ಮರದ ತುದಿ ನೀರಿನಿಂದ ಮೇಲೆ ಉಳಿಯುತ್ತದೆ, ಮಗಳು ಬಂದರೆ ಮನೆ ಎಲ್ಲಿತ್ತು ಅಂತ ಕಾಣುತ್ತದೆ ಅನ್ನುತ್ತಾನೆ. ಮುದುಕಿ ಲಾರಿ ಹತ್ತುತ್ತಾಳೆ. ಮಗಳು ಬರುವುದಿಲ್ಲ. ಕೊಡೆ ನೀರಿನ ಮೇಲೆ ಹಾಗೇ ಇರುತ್ತದೆ.

ಈ ಕಥೆಯನ್ನು ನಾನು ಮೊದಲು ಕೇಳಿದ್ದು ಕಟ್ಟೆಮಳಲವಾಡಿಯ ನಮ್ಮ ಮನೆಯ ಚಪ್ಪರದಲ್ಲಿ. ಓದಿದ್ದಲ್ಲ, ಕೇಳಿದ್ದು. ನಮ್ಮದು ಹೊಗೆಸೊಪ್ಪಿನ ಮನೆ. ಹೊಲದಿಂದ ಬಂದ ಹಸಿ ಸೊಪ್ಪನ್ನು ಬ್ಯಾರನ್ನಿನಲ್ಲಿ, ಅಂದರೆ ಬೆಂಕಿ ಹಾಕಿ ಸೊಪ್ಪು ಒಣಗಿಸುವ ಮನೆಯಲ್ಲಿ, ಬೇಯಿಸುವ ಮೊದಲು ಎಲೆ ಎಲೆಯಾಗಿ ಕಡ್ಡಿಗೆ ಕಟ್ಟಬೇಕು. ಊರಿನ ಹೆಂಗಸರು, ಹುಡುಗಿಯರು ಚಪ್ಪರದಡಿ ಕೂತು ಬೆಳಗಿನಿಂದ ಸಂಜೆಯವರೆಗೆ ಕಟ್ಟುತ್ತಿದ್ದರು. ಆ ಎಲೆಯ ಅಂಟು ಕೈಗೆ ಮೆತ್ತಿ ಕರ್ರಗಾಗುತ್ತದೆ, ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಆ ಕೈಯಲ್ಲಿ ಪುಸ್ತಕ ಮುಟ್ಟಿದರೆ ಪುಸ್ತಕ ಹಾಳು. ಕಣ್ಣು ಮುಟ್ಟಿದರಂತೂ ಕಣ್ಣೇ ಉರಿದುಹೋಗುತ್ತದೆ. ಅದಕ್ಕೇ ನಮ್ಮ ಚಪ್ಪರದಲ್ಲಿ ಒಂದು ಪದ್ಧತಿ. ಒಬ್ಬರು ಸೊಪ್ಪು ಮುಟ್ಟದೆ ಕೂತು ಉಳಿದವರಿಗೆ ಓದಿ ಹೇಳಬೇಕು. ಆ ಒಬ್ಬಳು ನನ್ನ ಅಕ್ಕ.

ಅವಳು ಓದುವುದೆಂದರೆ ಬರೀ ಓದಲ್ಲ. ಚಿತ್ರಕಥೆಯಲ್ಲಿ ಅರ್ಧ ಚಿತ್ರವೇ ತಾನೆ? ‘ಈಗ ಏನದೆ ಅಂದ್ರೆ, ಕೊಡೆ ಮಾವ ಜಗಲಿ ಮ್ಯಾಲೆ ಕುಂತವ್ನೆ, ಅವನ ನಾಯಿ ಬಾಲ ಆಡಿಸ್ತಾ ಅದೆ’ ಅಂತ ಚಿತ್ರವನ್ನೂ ಹೇಳುತ್ತಿದ್ದಳು. ಮುಳುಗಡೆ ಕಥೆ ಓದಿದ ದಿನ ಚಪ್ಪರವೆಲ್ಲ ಅತ್ತಿತ್ತು. ಅಲ್ಲಿ ಕೂರುತ್ತಿದ್ದ ಒಬ್ಬ ಅಜ್ಜಿಯ ತವರು ಕಬಿನಿಯ ನೀರಿನಲ್ಲಿ ಹೋಗಿತ್ತು. ಆ ಅಜ್ಜಿಯ ಅಳು ನಿಲ್ಲಲೇ ಇಲ್ಲ. ಕೈ ಕೊಳೆಯಾದವರು ಕಣ್ಣು ಒರೆಸಿಕೊಳ್ಳುವಂತಿಲ್ಲವಲ್ಲ, ಅಕ್ಕ ಎದ್ದು ಒಬ್ಬೊಬ್ಬರ ಮುಂದೆಯೂ ಕೂತು ತನ್ನ ಸೆರಗಿನಿಂದ ಅವರ ಕಣ್ಣು ಒರೆಸುತ್ತಾ ಹೋದಳು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿ ಕೂತಿದ್ದ ಹುಡುಗಿಯರು ಆಮೇಲೆ ಹಂಪಾಪುರ, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಗೆಲ್ಲ ಮದುವೆಯಾಗಿ ಹೋದರು. ಗಂಡಂದಿರಿಗೆ, ಮಕ್ಕಳಿಗೆ ಆ ಕಥೆ ಹೇಳಿದರು. ಭಾವ ಕೂಡ ಹೆಂಡತಿಯ ಬಾಯಲ್ಲಿ ಕೇಳಿದವನೇ.

ಫ್ಲೆಕ್ಸ್ ಕಟ್ಟಿದ ಮೇಲೆ ಭಾವನಿಗೆ ಹೊಸ ಯೋಚನೆ ಬಂತು. ಆ ಕಥೆಯ ಹಳೆಯ ಪುಟದ ಫೋಟೊ ಗುಂಪಿಗೆ ಹಾಕಬೇಕು, ಅದನ್ನು ನೋಡಿದ ಮೇಲೆ ಪ್ರಕಾಶಕರು ಬಾಯಿ ಮುಚ್ಚುತ್ತಾರೆ ಅಂತ. ಹಳೆಯ ಸಂಚಿಕೆಗಳೆಲ್ಲ ಅಕ್ಕನ ಹತ್ತಿರವೇ ಇದ್ದವು. ಅವಳನ್ನು ಊರೊಳಗೇ ಕೊಟ್ಟಿದ್ದು, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹೋಗಿ ಅಟ್ಟದಿಂದ ಇಳಿಸಿ ಎಲ್ಲವನ್ನೂ ತಿರುವಿ ಹಾಕಿದೆ. ಆ ಕಥೆ ಇರಲಿಲ್ಲ.

‘ಎಲ್ಲಿಂದ ಇದ್ದಾದು? ಪುಸ್ತಕ ಬರೋದು ನಿಂತೋಗಿತ್ತಲ್ಲ ಅಷ್ಟೊತ್ಗೆ’ ಅಂದಳು ಅಕ್ಕ, ಅಕ್ಕಿ ಆರಿಸುತ್ತಾ, ತಲೆಯನ್ನೂ ಎತ್ತದೆ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪತ್ರಿಕೆ ನಿಂತಿತ್ತು, ಸೊಪ್ಪು ಕಟ್ಟುವುದು ನಿಂತಿರಲಿಲ್ಲ. ಮುಂದೇನಾಯಿತು, ಓದು ಓದು ಅಂತ ಹೆಂಗಸರು ಕೇಳುತ್ತಿದ್ದರು. ಅಕ್ಕ ಹಳೆಯ ಸಂಚಿಕೆಯನ್ನೇ ಬಿಚ್ಚಿ ಹಿಡಿದು, ಅದರಲ್ಲಿ ಇಲ್ಲದ ಕಥೆಗಳನ್ನು ಓದುತ್ತಾ ಹೋಗಿದ್ದಳು. ಕರಿ ಕೈಯವರು ಯಾರೂ ಪುಸ್ತಕ ಇಸಿದುಕೊಂಡು ನೋಡುವಂತಿರಲಿಲ್ಲ. ಮುಳುಗಡೆ ಕಥೆಯನ್ನು ಆ ಅಜ್ಜಿಗಾಗಿ ಕಟ್ಟಿದ್ದು ಅಂದಳು.

‘ನಾಕು ತಾಲ್ಲೂಕು ಬಡ್ಕೋತಾ ಇರೋದು ನಿನ್ನ ಕಥೆಗೆ ಕಣಕ್ಕ!’ ಅಂದೆ. ‘ಭಾವಂಗೆ ಈಗ್ಲೇ ಯೋಳ್ತೀನಿ.’

‘ಬ್ಯಾಡ. ಅತ್ತವರೆಲ್ಲ ಈಗ ನಗ್ತಾರೆ. ಸುಳ್ಳು ಓದಿದ್ಲು ಅಂತಾರೆ.’ ಮೊರ ಪಕ್ಕಕ್ಕಿಟ್ಟಳು. ‘ಅವ್ರಿಗೆ ಬೇಕಾದ್ರೆ ಯೋಳ್ತೀನಿ. ಬರೆದವ್ರಿಗೆ. ನಿಮ್ ಕೊಡೆ ಮಾವನ್ನ ಇಟ್ಕೊಂಡು ನಾನೊಂದು ಕಥೆ ಮಾಡಿವ್ನಿ, ಕೇಳಿ ಸಾಮಿ ಅಂತೀನಿ. ಚೆನ್ನಾಗದೆ ಕಣಮ್ಮ ಅಂದ್ರೆ ಸಾಕು ನಂಗೆ. ಇನ್ನೇನೂ ಬ್ಯಾಡ.’

ಅಷ್ಟು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮೊಮ್ಮಕ್ಕಳಾದ ಹೆಂಗಸು ಹತ್ತನೇ ಕ್ಲಾಸಿನ ಹುಡುಗಿಯಂತೆ ನಾಚಿಕೊಂಡಿದ್ದಳು.

ಆ ಲೇಖಕರು ಕೆ.ಆರ್. ನಗರದಲ್ಲಿ ಮಗನ ಮನೆಯಲ್ಲಿದ್ದಾರೆ ಅಂತ ಭಾವ ಪತ್ತೆ ಹಚ್ಚಿದ. ಸನ್ಮಾನ ಮಾಡಿ, ಬರೆಯುತ್ತೇನೆ ಅಂತ ಅವರ ಬಾಯಲ್ಲೇ ಹೇಳಿಸಿ ವಿಡಿಯೊ ಮಾಡಿಕೊಂಡು ಬರುವುದು ಅಂತಾಯಿತು. ಅಕ್ಕ ಬೀಗರ ಮನೆಗೆ ಉಡುವ ಸೀರೆ ಉಟ್ಟುಕೊಂಡು ಬಂದಳು. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಹೇಗೆ ಹೇಳುವುದು ಅಂತ ಒಳಗೊಳಗೇ ಹೇಳಿ ನೋಡಿಕೊಳ್ಳುತ್ತಿದ್ದಳೋ ಏನೋ.

ಲೇಖಕರು ಬಹಳ ಹಣ್ಣಾಗಿದ್ದರು. ಒಳ್ಳೆಯವರೇ. ನಮ್ಮ ಗುಂಪನ್ನು ಕಂಡು ಗಾಬರಿಯಾಗಿ, ಆಮೇಲೆ ಸಂತೋಷಪಟ್ಟು, ಎಲ್ಲರಿಗೂ ಕಾಫಿ ಮಾಡಿಸಿದರು. ಪತ್ರಿಕೆ ನಿಂತ ಮೇಲೆ ತಮ್ಮನ್ನು ಹುಡುಕಿಕೊಂಡು ಬಂದವರು ನೀವೇ ಅಂದರು. ಭಾವ ಅವರಿಗೆ ಪೇಟ ತೊಡಿಸಿದ. ಅದು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಭಾವ ಭಾಷಣ ಶುರು ಮಾಡಿದ.

‘ಸಾರ್, ನಿಮ್ ಮುಳುಗಡೆ ಕಥೆ ಒಂದು ಸಾಕು ಸಾರ್. ಆ ಅಜ್ಜಿ ಲಾರಿ ಹತ್ತಾಕಿಲ್ಲ ಅಂತಾಳಲ್ಲ...’

‘ಆಮೇಲೆ?’ ಅಂದರು ಲೇಖಕರು.

ಭಾವ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಅಕ್ಕನೂ ಗಮನಿಸಿದಳು, ಕುರ್ಚಿಯ ತುದಿಗೆ ಸರಿದು ಕೂತಳು. ಭಾವ ಕೊಡೆಯ ಕಥೆಯನ್ನು ಪೂರ್ತಿ ಹೇಳಿದ. ಲೇಖಕರು ಪೇಟವನ್ನು ಮೇಲಕ್ಕೆ ತಳ್ಳಿಕೊಂಡು ಕೇಳುತ್ತಲೇ ಇದ್ದರು. ಅವರ ಕಣ್ಣು ತುಂಬಿತು. ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅವರು ಹೇಳಿದರು:

‘ಹೌದು. ಬರೆದಿದ್ದೆ. ಅದನ್ನು ಬರೆಯುವಾಗ ನಾನೂ ಅತ್ತುಬಿಟ್ಟಿದ್ದೆ. ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಅದೇ.’

ಅವರು ಬೇಕಂತಲೇ ಹೇಳಿದರೋ, ಅಷ್ಟು ಜನ ಒಟ್ಟಿಗೆ ಹೇಳಿದ್ದನ್ನು ನಿಜ ಅಂತ ನಂಬಿಕೊಂಡರೋ ನನಗೆ ಈಗಲೂ ಗೊತ್ತಿಲ್ಲ. ವಯಸ್ಸಾದ ಮೇಲೆ ಎರಡೂ ಒಂದೇ ಆಗಿಬಿಡಬಹುದು. ಇದು ನಮ್ಮಕ್ಕನ ಕಥೆ ಅಂದುಬಿಡಬೇಕೆಂದು ಏಳಲು ಹೋದೆ. ಅಕ್ಕ ನನ್ನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು.

ವಾಪಸು ಬರುವಾಗ ಭಾವನ ಗಾಡಿ ಬೇಡ ಅಂದಳು. ಹುಣಸೂರಿನ ಬಸ್ಸು ಹತ್ತಿದೆವು. ನಾನು ಬೈಯುತ್ತಲೇ ಇದ್ದೆ.

‘ಅವ್ರ ಕೊಡೆ ಮಾವನ್ನ ನಾನು ಕೇಳ್ದೆ ತಕ್ಕೊಂಡಿರ್ಲಿಲ್ವಾ? ನನ್ ಕಥೆನ ಅವ್ರು ತಕ್ಕೊಂಡ್ರು. ಬುಡು’ ಅಂದಳು. ಆಮೇಲೆ ‘ಚೆನ್ನಾಗದೆ ಅಂದ್ರಲ್ಲ’ ಅಂದಳು. ಅವಳಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು.

ಪ್ರಕಾಶಕರು ಕೊನೆಗೆ ರಾಜಿಗೆ ಬಂದರು. ಮೊದಲ ಸಂಚಿಕೆಯಲ್ಲಿ ಹಳೆಯವರು ತಮ್ಮ ಮುಳುಗಡೆ ಕಥೆಯನ್ನೇ ಮತ್ತೆ ಬರೆಯುವುದು, ಮುಂದಿನವನ್ನು ಆ ಹುಡುಗಿ ಬರೆಯುವುದು ಅಂತ. ಗೆದ್ದೆವು ಅಂತ ಭಾವ ಇನ್ನೊಂದು ಫ್ಲೆಕ್ಸ್ ಮಾಡಿಸಿದ. ಈ ಸಲ ಲೇಖಕರ ಫೋಟೊ ಇತ್ತು, ಪೇಟದ ಸಮೇತ.

ಸಂಚಿಕೆ ಬಂದಾಗ ಸೊಪ್ಪು ಕಟ್ಟುವ ಕಾಲ. ಭಾವ ಪುಸ್ತಕ ಹಿಡಿದುಕೊಂಡು, ಪೇಡದ ಪೊಟ್ಟಣದ ಜೊತೆ ನೇರ ಅಕ್ಕನ ಮನೆಯ ಚಪ್ಪರಕ್ಕೇ ಬಂದ. ನಾನೂ ಅಲ್ಲಿದ್ದೆ. ಈಗ ಚಪ್ಪರದಲ್ಲಿ ಫೋನಿನ ಹಾಡೂ ಇರುತ್ತದೆ, ಆದರೂ ಪೇಪರು, ಧಾರಾವಾಹಿ ಅಂತ ಓದಿ ಹೇಳುವ ಕೆಲಸ ಅಕ್ಕನದೇ ಆಗಿತ್ತು. ಈಗಲೂ ಅವಳು ಸೊಪ್ಪು ಮುಟ್ಟುತ್ತಿರಲಿಲ್ಲ.

ಆ ದಿನ ಅವಳು ಹೆಂಗಸರ ಸಾಲಿನಲ್ಲಿ ಕೂತು ಕಡ್ಡಿ ಕಟ್ಟುತ್ತಿದ್ದಳು. ಕೈಯೆರಡೂ ಮೊಣಕೈವರೆಗೆ ಕರ್ರಗಾಗಿದ್ದವು.

‘ಓದಕ್ಕ’ ಅಂತ ಭಾವ ಪುಸ್ತಕ ಚಾಚಿದ.

‘ಕೈ ನೋಡಪ್ಪ. ಪುಸ್ತಕ ಹಾಳಾಯ್ತದೆ. ತಮ್ಮ ಓದ್ತಾನೆ’ ಅಂದಳು.

ನಾನು ಓದಿದೆ. ಚಿತ್ರಗಳನ್ನೂ ಹೇಳಿದೆ, ಅವಳು ಹೇಳುತ್ತಿದ್ದ ಹಾಗೆ. ಮುದುಕಿ ಬಂದಳು, ಹುಣಸೆಮರ ಬಂತು, ಕೊಡೆ ಬಂತು. ಕೊನೆಯ ಪುಟದಲ್ಲಿ ದೋಣಿಯೊಂದು ಬಂತು. ಅದರಿಂದ ಮಗಳು ಇಳಿದು ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ಲೇಖಕರು ಹಾಗೆ ಬರೆದಿದ್ದರು.

‘ಅಂಗಲ್ಲ ಕಣಪ್ಪ’ ಅಂದರು ಹೆಂಗಸರಲ್ಲಿ ಹಿರಿಯವರೊಬ್ಬರು. ‘ಮಗಳು ಬರಾಕಿಲ್ಲ. ಕೊಡೆ ಅಂಗೇ ಇರ್ತದೆ. ನಿಂಗೆ ಓದಾಕೆ ಬರಲ್ಲ. ಅವಳ ಕೈಗೆ ಕೊಡು, ಅವಳು ಸರಿಯಾಗಿ ಓದ್ತಾಳೆ.’

‘ಊಂ, ಅಕ್ಕಂಗೆ ಕೊಡಿ’ ಅಂದರು ಉಳಿದವರು.

ಅಕ್ಕ ತಲೆ ಎತ್ತಿ ಅವರನ್ನೆಲ್ಲ ನೋಡಿದಳು. ‘ಬರೆದಿರೋದು ಅಂಗೇ ಇದ್ರೆ ಅವನೇನು ಮಾಡಾನು ಬುಡ್ರವ್ವ’ ಅಂದಳು. ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂತು. ಕರಿಯ ಕೈಗಳನ್ನು ಮಡಿಲಿನಿಂದ ದೂರ ಎತ್ತಿ ಹಿಡಿದುಕೊಂಡು ಹಾಗೇ ಕೂತಳು.

‘ನನ್ ಸೆರಗು ತಕ್ಕೊಂಡು ಒರೆಸು ಕಣ್ಲಾ’ ಅಂದಳು ನನಗೆ.

ಪುಸ್ತಕ ನೆಲಕ್ಕಿಟ್ಟು ಅವಳ ಮುಂದೆ ಕೂತೆ. ಸೆರಗಿನ ತುದಿಯಿಂದ ಒಂದು ಕಣ್ಣು ಒರೆಸಿದೆ, ಆಮೇಲೆ ಇನ್ನೊಂದು. ಆ ಸಾಲಿನಲ್ಲಿ ಕೂತಿದ್ದ ಹಳಬರ ಕಣ್ಣನ್ನೆಲ್ಲ ಒಂದಾನೊಂದು ದಿನ ಅವಳು ಒರೆಸಿದ್ದಳು.